ಹೊತ್ತಿಗೆಹೊಂಡಕ್ಕೆ ಹೆಸರು ಬಂದ ಬಗೆ

ಗೊಂಚಿಹಾಳಿಗೆ ಹೊಸದಾಗಿ ಬಂದವರು ಸಾರ್ವಜನಿಕ ಗ್ರಂಥಾಲಯ ಎಲ್ಲಿದೆ ಎಂದು ಕೇಳಿದರೆ ನಮ್ಮೂರಿನವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಹೊತ್ತಿಗೆಹೊಂಡ ಎಲ್ಲಿ ಎಂದು ಕೇಳಿದರೆ ಮಾತ್ರ ಮೆಣಸಿನಕಾಯಿ ಮಂಡಿಯ ಹಮಾಲರಿಂದ ಹಿಡಿದು ಮಂಡಕ್ಕಿ ಗಾಡಿಯ ನಾಗವೇಣಿಯವರೆಗೆ ಎಲ್ಲರೂ ಕೈಯೆತ್ತಿ ದಾರಿ ತೋರಿಸುತ್ತಾರೆ. ಹಾಳು ಕೋಟೆಯ ಬಾಗಿಲಿನಿಂದ ನೂರು ಹೆಜ್ಜೆ ಇಳಿದರೆ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ ಚೌಕದ ಹೊಂಡ. ಅದರ ಪಡುವಣ ದಡದಲ್ಲಿ ಹಳೆಯ ಕಲ್ಲುಮಂಟಪಕ್ಕೆ ಗೋಡೆ ಸೇರಿಸಿ ಮಾಡಿದ ಗ್ರಂಥಾಲಯ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿಯರು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ನಿವೃತ್ತರು ಒಂದೇ ಪತ್ರಿಕೆಯನ್ನು ನಾಲ್ಕು ಪಾಲು ಮಾಡಿಕೊಂಡು, ತಮ್ಮ ಪಾಲು ಮುಗಿದರೂ ಮುಗಿದಿಲ್ಲವೆಂದು ಹಟ ಹಿಡಿಯುತ್ತಾರೆ. ಸಂತೆಗೆ ಬಂದ ಹೆಂಗಸರು ಆಸ್ಪತ್ರೆಯ ಚೀಟಿ, ಕೋರ್ಟಿನ ನೋಟಿಸು, ಅಳಿಯ ಬರೆದ ಕಾಗದ ತಂದು ಓದಿಸಿಕೊಂಡು ಹೋಗುತ್ತಾರೆ. ಓದು ಬಾರದವರಿಗೂ ಗ್ರಂಥಾಲಯ ಬೇಕಾಗಿರುವ ಊರು ನಮ್ಮದು, ಅದರ ಬಗ್ಗೆ ನಮಗೆ ಜಂಬವೂ ಉಂಟು.

ಹೊಂಡಕ್ಕೆ ಈ ಹೆಸರೇಕೆ ಎಂದು ಕೇಳಿದವರಿಗೆ ನಮ್ಮ ಮನೆತನದವರು ಹೇಳಿಕೊಂಡು ಬಂದ ಉತ್ತರ ಒಂದಿದೆ. ಹಿಂದಿನ ಕಾಲದಲ್ಲಿ ಜೀರ್ಣವಾದ ತಾಳೆಗರಿಯ ಹೊತ್ತಿಗೆಗಳನ್ನು ಪೂಜಿಸಿ ಈ ನೀರಿಗೆ ಬಿಡುತ್ತಿದ್ದರು, ಆದ್ದರಿಂದ ಇದು ಹೊತ್ತಿಗೆಹೊಂಡ. ಮೂವತ್ತೆರಡು ವರ್ಷ ಮೇಷ್ಟರಾಗಿದ್ದ ನಾನೂ ಮಕ್ಕಳಿಗೆ ಇದನ್ನೇ ಕಲಿಸಿದೆ. ಗ್ರಂಥಾಲಯದ ಹೊಸ ಕೊಠಡಿ ಆದಾಗ ತಂದ ಸ್ಮರಣ ಸಂಚಿಕೆಯಲ್ಲಿ ಇದನ್ನೇ ಬರೆದು ಹಾರವನ್ನೂ ಹಾಕಿಸಿಕೊಂಡೆ. ಅದು ಪೂರ್ತಿ ಸುಳ್ಳಲ್ಲ, ಅರ್ಧ. ಮಿಕ್ಕ ಅರ್ಧವನ್ನು ನನ್ನ ಅಜ್ಜಿ ನನಗೆ ಹೇಳಿದ್ದಳು; ಕೆಳಗೇರಿಯ ಮನೆಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಗೊತ್ತಿದ್ದೂ ನಾನು ಬರೆಯಲಿಲ್ಲ, ಏಕೆಂದರೆ ತಪ್ಪು ಮಾಡಿದವನು ನಮ್ಮ ವಂಶದ ಹಿರಿಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಎಪ್ಪತ್ತೊಂದು ದಾಟಿದ ಮೇಲಾದರೂ ಬರೆದುಬಿಡಬೇಕು ಅನ್ನಿಸಿದೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಈ ಹೊಂಡಕ್ಕೆ ಸಿಹಿಹೊಂಡವೆಂದೂ ಮಂಟಪಕ್ಕೆ ಹೊತ್ತಿಗೆಮನೆಯೆಂದೂ ಹೆಸರಿತ್ತು. ಅದು ಅರಮನೆಯದಲ್ಲ, ಮಠದ್ದೂ ಅಲ್ಲ, ಊರಿನದು. ಏನಾದರೂ ಬಲ್ಲವರು ಅಲ್ಲಿಗೆ ಬಂದು ಹೇಳುತ್ತಿದ್ದರು, ಹೊತ್ತಿಗೆಮನೆಯ ಅಯ್ಯ ಅದನ್ನು ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆದು, ಮಸಿ ತೀಡಿ, ದಾರ ಪೋಣಿಸಿ ಇಡುತ್ತಿದ್ದ. ಬೇಕಾದವರು ಬಂದು ಕೇಳಿದಾಗ ತೆಗೆದು ಓದಿ ಹೇಳುತ್ತಿದ್ದ. ಕುಂಬಾರರ ಮಣ್ಣಿನ ಹದ, ಕುರಿಗೆ ಬರುವ ಬೇನೆ, ಬಾವಿ ತೋಡುವ ಜಾಗದ ಗುರುತು, ಮದುವೆಯ ಹಾಡು, ಎಲ್ಲವೂ ಅಲ್ಲಿದ್ದವಂತೆ. ಓದಬಲ್ಲವನು ಊರಿಗೆಲ್ಲ ಅವನೊಬ್ಬನೇ. ಆದ್ದರಿಂದ ಗರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಓದಬೇಕು ಎಂಬ ಕಟ್ಟಳೆ ಅವನಿಗಿತ್ತು. ಇನ್ನೊಂದು ಕಟ್ಟಳೆ, ಹುಳು ಹಿಡಿದ ಹೊತ್ತಿಗೆಯನ್ನು ಹೊಸ ಗರಿಗೆ ಪ್ರತಿ ಮಾಡಿದ ಮೇಲೆಯೇ ಹಳೆಯದನ್ನು ವಿಜಯದಶಮಿಯಂದು ಹೊಂಡಕ್ಕೆ ಬಿಡಬೇಕು. ಪ್ರತಿ ಆಗದೆ ಬಿಟ್ಟರೆ ಅದು ಕೊಲೆಗೆ ಸಮ ಎನ್ನುತ್ತಿದ್ದರು.

ಕೆಳಗೇರಿಯ ಸೂಲಗಿತ್ತಿ ದುರುಗವ್ವ ಒಂದು ಮಳೆಗಾಲ ಪೂರ್ತಿ ಮಂಟಪದ ಹೊರಮೆಟ್ಟಿಲ ಮೇಲೆ ಕುಳಿತು ತನ್ನ ವಿದ್ಯೆಯನ್ನೆಲ್ಲ ಆಗಿನ ಅಯ್ಯನಿಂದ ಬರೆಸಿದ್ದಳು. ನಲವತ್ತೊಂದು ಗರಿಗಳ ಹೊತ್ತಿಗೆ ಅದು. ಸುಲಭದ ಹೆರಿಗೆಗಳೆಲ್ಲ ಅವಳಿಗೆ ಕೈಯಲ್ಲೇ ಇದ್ದವು. ಕೂಸು ಅಡ್ಡ ಮಲಗಿದಾಗ ಏನು ಮಾಡಬೇಕು, ರಕ್ತ ನಿಲ್ಲದಿದ್ದರೆ ಏನು ಕೊಡಬೇಕು ಎಂಬಂಥ ಅಪರೂಪದವನ್ನು ವರ್ಷಕ್ಕೊಮ್ಮೆ ಬಂದು ಓದಿಸಿಕೊಂಡು ಹೋಗುತ್ತಿದ್ದಳು. ಜೊತೆಗೆ ಮಗಳು ಹುಲಿಗೆವ್ವನೂ ಬರುತ್ತಿದ್ದಳು. ಆ ಅಯ್ಯನ ತರುವಾಯ ಹೊತ್ತಿಗೆಮನೆ ಅವನ ಮಗ ಮರುಳಯ್ಯನ ಕೈಗೆ ಬಂತು. ನಾನು ಹೇಳಿದ ನಮ್ಮ ಹಿರಿಯ ಅವನೇ. ಅಕ್ಷರ ಮುತ್ತಿನಂತಿತ್ತು, ಕಂಠವೂ ಚೆನ್ನಾಗಿತ್ತು, ಕೆಟ್ಟವನೇನಲ್ಲ. ಆದರೆ ಹೊಗಳಿಕೆಯ ರುಚಿ ಹತ್ತಿದವನು. ಪಾಳೆಯಗಾರರು ನವರಾತ್ರಿಗೆ ಹೊತ್ತಿಗೆಮನೆ ನೋಡಲು ಬರುತ್ತಾರೆಂದು ತಿಳಿದದ್ದೇ ತಡ, ಅವರ ವಂಶದ ಗುಣಗಾನವನ್ನು ಪದ್ಯ ಕಟ್ಟಿ ಬರೆಯಲು ಕುಳಿತ. ಆ ವರ್ಷ ಹದ ಮಾಡಿ ಒಣಗಿಸಿದ್ದ ಹೊಸ ಗರಿಗಳಲ್ಲಿ ಉಳಿದಿದ್ದದ್ದು ನಲವತ್ತೊಂದೇ. ಅವು ದುರುಗವ್ವನ ಹೊತ್ತಿಗೆಯ ಪ್ರತಿಗೆಂದು ಎತ್ತಿಟ್ಟಿದ್ದವು. ಎಲ್ಲವನ್ನೂ ಅವನು ಗುಣಗಾನಕ್ಕೆ ಬಳಸಿದ. ಹುಳು ಹಿಡಿದ ಹಳೆಯ ಹೊತ್ತಿಗೆ ದೊರೆಯ ಕಣ್ಣಿಗೆ ಬೀಳಬಾರದೆಂದು, ಹಬ್ಬದ ಗದ್ದಲದಲ್ಲಿ, ಪ್ರತಿಯಾಗಿದ್ದ ಮಿಕ್ಕ ಹಳೆಯವುಗಳ ಜೊತೆ ಸೇರಿಸಿ ನೀರಿಗೆ ಬಿಟ್ಟ. ದುರುಗವ್ವ ಗಟ್ಟಿಯಾಗಿದ್ದಾಳೆ, ಮುಂದಿನ ವರ್ಷ ಅವಳ ಬಾಯಿಂದಲೇ ಮತ್ತೆ ಬರೆದುಕೊಂಡರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡನಂತೆ. ದೊರೆ ಶಾಲು ಹೊದಿಸಿದ. ಸಂಕ್ರಾಂತಿಗೆ ಮುಂಚೆ ದುರುಗವ್ವ ಜ್ವರ ಬಂದು ತೀರಿಕೊಂಡಳು.

ಆ ಬೇಸಿಗೆಯಲ್ಲಿ ಕಮ್ಮಾರರ ಮನೆಯ ಸೊಸೆ ನೀಲವ್ವನಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ಮಲಗಿತ್ತು. ಹುಲಿಗೆವ್ವ ಓಡಿ ಬಂದು ಮೆಟ್ಟಿಲ ಬಳಿ ನಿಂತು, ಅವ್ವನ ಹೊತ್ತಿಗೆ ತೆಗೆದು ಆ ಗರಿಯನ್ನು ಬೇಗ ಓದಬೇಕೆಂದು ಕೈಮುಗಿದಳು. ಇಲ್ಲ ಎಂಬ ಎರಡಕ್ಷರ ಮರುಳಯ್ಯನ ನಾಲಗೆಗೆ ಬರಲಿಲ್ಲ. ಸುತ್ತ ಹತ್ತಾರು ಜನ ಕುಳಿತಿದ್ದರು, ಹೊದ್ದ ಶಾಲು ಹೆಗಲ ಮೇಲೆಯೇ ಇತ್ತು. ಅವನು ಒಳಗೆ ಹೋಗಿ ಗುಣಗಾನದ ಹೊತ್ತಿಗೆಯನ್ನೇ ತಂದು ಬಿಚ್ಚಿ, ಗರಿಯ ಮೇಲೆ ಕಣ್ಣಿಟ್ಟು, ಬಾಯಿಗೆ ಬಂದದ್ದನ್ನು ಓದಿದಂತೆ ಹೇಳಿದ. ಎಡಕ್ಕೆ ಒತ್ತಬೇಕು, ಬೇವಿನ ಕಷಾಯ ಕೊಡಬೇಕು, ಹೀಗೆ ಏನೋ. ಹುಲಿಗೆವ್ವ ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತ ಓಡಿದಳು. ಸಂಜೆಯ ಹೊತ್ತಿಗೆ ನೀಲವ್ವನೂ ಕೂಸೂ ಹೋದ ಸುದ್ದಿ ಬಂತು.

ಇದು ಇಲ್ಲಿಗೆ ನಿಂತಿದ್ದರೆ ಆತುರದಲ್ಲಿ ಆದ ತಪ್ಪೆಂದು ನಾವು ಹೇಳಿಕೊಳ್ಳಬಹುದಿತ್ತು. ನಿಲ್ಲಲಿಲ್ಲ. ಓದಿದ್ದನ್ನು ತಾನು ಎಲ್ಲಿ ತಪ್ಪಿ ಮಾಡಿದೆ ಎಂದು ತಿಳಿಯದೆ ಹುಲಿಗೆವ್ವ ಅಮಾವಾಸ್ಯೆಗೊಮ್ಮೆ ಬಂದು ಅದೇ ಗರಿಯನ್ನು ಓದಿಸುತ್ತಿದ್ದಳು. ಮರುಳಯ್ಯ ಪ್ರತಿ ಸಲವೂ ಗುಣಗಾನವನ್ನು ಬಿಚ್ಚಿ ಓದಿದ ಹಾಗೆ ಮಾಡುತ್ತಿದ್ದ. ಮೊದಲು ಏನು ಹೇಳಿದ್ದೆನೆಂಬುದು ಅವನಿಗೇ ನೆನಪಿರುತ್ತಿರಲಿಲ್ಲ.

"ಅಯ್ಯನೋರ, ಅವತ್ತು ಎಡಕ್ಕ ಒತ್ತು ಅಂತ ಓದಿದ್ರಿ. ಈಗ ಬಲಕ್ಕ ಅಂತೀರಲ್ರಿ," ಎಂದು ಒಮ್ಮೆ ಅವಳು ಕೇಳಿದಳಂತೆ.

"ನೀನ ಮರ್ತಿರಬೇಕು, ಹುಲಿಗೆವ್ವ," ಎಂದನಂತೆ ಮರುಳಯ್ಯ. "ಬರೆದ ಹೊತ್ತಿಗಿ ಬದಲಾಗತೈತೇನು?"

ಈ ಮಾತನ್ನು ನನ್ನ ಅಜ್ಜಿ ಹೇಳುವಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಕೊಂದದ್ದಕ್ಕಿಂತ ಇದು ದೊಡ್ಡ ಪಾಪವೆಂದು ನನ್ನ ಎಣಿಕೆ. ತನ್ನ ಕಿವಿಯೇ ಸುಳ್ಳು, ತನ್ನ ಕೈಯೇ ಕೆಟ್ಟದ್ದು ಎಂದು ಹುಲಿಗೆವ್ವ ತೀರ್ಮಾನಿಸಿ ಸೂಲಗಿತ್ತಿಯ ಕೆಲಸ ಬಿಟ್ಟಳು. ಯಾರು ಕರೆದರೂ ಹೋಗಲಿಲ್ಲ. ಮೂರು ವರ್ಷ ಊರಿನ ಬಸುರಿಯರು ದಿನ ಹತ್ತಿರವಾದಂತೆ ನಾಲ್ಕು ಹರದಾರಿ ಆಚೆಯ ಊರಿಗೆ ಗಾಡಿ ಕಟ್ಟಿಕೊಂಡು ಹೋಗಬೇಕಾಯಿತು. ಕೆಲವರು ದಾರಿಯಲ್ಲೇ ಹೆತ್ತರು, ಕೆಲವರು ತಿರುಗಿ ಬರಲಿಲ್ಲ. ಒಂದೊಂದು ಸುದ್ದಿ ಬಂದಾಗಲೂ ಮರುಳಯ್ಯ ಅಂದಿನ ಊಟ ಬಿಡುತ್ತಿದ್ದನಂತೆ. ಊಟ ಬಿಟ್ಟರೆ ಯಾರಿಗೆ ಏನು ಬಂತು? ಬಾಯಿ ಬಿಡಬೇಕಿತ್ತು, ಅದನ್ನು ಬಿಡಲಿಲ್ಲ.

ನಾಲ್ಕನೆಯ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಹೊತ್ತಿಗೆಮನೆಯಲ್ಲಿ ಓದು ನಡೆದಿತ್ತು. ಮೂವತ್ತು ನಲವತ್ತು ಜನ ಕೂತು ಕೇಳುತ್ತಿದ್ದರು. ಹುಲಿಗೆವ್ವನೂ ಹೊರಮೆಟ್ಟಿಲ ಮೇಲಿದ್ದಳು. ಕುರುಬರ ಮೈಲಾರಪ್ಪ ಬಂದು ಅವಳ ಕಾಲ ಬಳಿ ಕುಸಿದ. ಅವನ ಹೆಂಡತಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ಮಲಗಿದೆ, ಗಾಡಿಯಲ್ಲಿ ಒಯ್ಯುವ ಹೊತ್ತು ಮೀರಿದೆ. ಹುಲಿಗೆವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವನು ಎದ್ದು ಹೋಗಲಿಲ್ಲ, ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಬಿದ್ದುಕೊಂಡ. ಕೊನೆಗೆ ಅವಳು ಮಂಟಪದ ಕಡೆ ತಿರುಗಿದಳು.

"ಅಯ್ಯನೋರ, ಆ ಗರಿ ಇನ್ನೊಮ್ಮಿ ಓದ್ರಿ. ಈ ಸಲ ಅಕ್ಷರ ತಪ್ಪದಂಗ ಮಾಡ್ತೀನಿ. ನೀವು ಓದಿದ್ರ ಹೋಗ್ತೀನಿ."

ಮರುಳಯ್ಯ ಎದ್ದು ಒಳಗೆ ಹೋದ. ಗುಣಗಾನದ ಹೊತ್ತಿಗೆಯನ್ನೇ ತಂದ. ದಾರ ಬಿಚ್ಚಿದ, ಗರಿ ಎತ್ತಿ ಹಿಡಿದ. ಇನ್ನೊಮ್ಮೆ ಕಟ್ಟಿ ಹೇಳಿದರೆ ಅವಳು ಅದನ್ನೇ ಮಾಡುತ್ತಾಳೆ, ಮೈಲಾರಪ್ಪನ ಹೆಂಡತಿಯೂ ಸಾಯುತ್ತಾಳೆ. ಹೇಳದಿದ್ದರೆ ಅವಳು ಹೋಗುವುದಿಲ್ಲ. ಅವನು ಗರಿಯನ್ನು ಕೆಳಗಿಟ್ಟು, ಶಾಲು ತೆಗೆದು ಅದರ ಮೇಲಿಟ್ಟು, ಮೆಟ್ಟಿಲಿಳಿದು ಅವಳಿಗಿಂತ ಕೆಳಗಿನ ಮೆಟ್ಟಿಲ ಮೇಲೆ ನಿಂತನಂತೆ.

"ಆ ಹೊತ್ತಿಗಿ ಇಲ್ಲವ್ವ," ಎಂದ. "ನಾನ ಹೊಂಡಕ್ಕ ಹಾಕೀನಿ. ನೀಲವ್ವಗ ಅಂತ ಓದಿದ್ದು, ಆಮ್ಯಾಲೆ ಓದಿದ್ದು, ಎಲ್ಲಾ ನಾ ಬಾಯಿಂದ ಕಟ್ಟಿದ್ದು. ನಿನ್ನ ಕೈ ತಪ್ಪಿಲ್ಲ. ಕಿವಿನೂ ತಪ್ಪಿಲ್ಲ."

ಹುಲಿಗೆವ್ವ ಬೈಯಲಿಲ್ಲ, ಅಳಲಿಲ್ಲ.

"ಇಲ್ಲ ಅಂತ ಒಂದು ಮಾತು ಅಂದಿದ್ರ ಸಾಕಿತ್ರಿ," ಎಂದಳು. "ಅವತ್ತು ನನ್ನ ಕೈ ಬ್ಯಾರೆ ಹೇಳತಿತ್ತು. ಹೊತ್ತಿಗಿ ದೊಡ್ಡದು ಅಂತ ಕೈ ಮಾತು ಬಿಟ್ಟುಕೊಟ್ಟೆ."

ಅಷ್ಟು ಹೇಳಿ ಹೊಂಡಕ್ಕಿಳಿದು ಮೊಣಕೈವರೆಗೆ ತೊಳೆದುಕೊಂಡು ಮೈಲಾರಪ್ಪನ ಹಿಂದೆ ನಡೆದಳು. ತಾಯಿ ಉಳಿದಳು. ಕೂಸಿನ ವಿಷಯದಲ್ಲಿ ಎರಡು ಮಾತುಗಳಿವೆ. ಕುರುಬರ ಓಣಿಯವರು ಅದು ಬದುಕಿ ಬಾಳಿತು, ನಾವೆಲ್ಲ ಅದರ ಸಂತಾನ ಎನ್ನುತ್ತಾರೆ. ನನ್ನ ಅಜ್ಜಿ ಮಾತ್ರ ಆ ಪ್ರಶ್ನೆ ಬಂದಾಗ ಎದ್ದು ಒಲೆಯ ಕಡೆ ಹೋಗುತ್ತಿದ್ದಳು.

ಊರಿನ ಹಿರಿಯರು ಮರುಳಯ್ಯನನ್ನು ಹೊತ್ತಿಗೆಮನೆಯಿಂದ ಹೊರಗೆ ಹಾಕಬೇಕೆಂದು ಕೂಡಿದರು. ಹುಲಿಗೆವ್ವ ಬೇಡವೆಂದಳು. ಕಳೆದವನೇ ಕೂಡಿಸಲಿ ಎಂಬುದು ಅವಳ ತೀರ್ಪು. ಅಂದಿನಿಂದ ಎರಡು ವರ್ಷ ಮರುಳಯ್ಯ ನೀರಿಗೆ ತಾಗಿದ ಕೊನೆಯ ಮೆಟ್ಟಿಲ ಮೇಲೆ ಕುಳಿತ. ಎಲ್ಲ ಓಣಿಗಳ ಮುದುಕಿಯರು ಮೇಲಿನ ಮೆಟ್ಟಿಲುಗಳ ಮೇಲೆ ಕುಳಿತರು. ದುರುಗವ್ವ ತಮ್ಮ ಹೆರಿಗೆಯಲ್ಲಿ ಏನು ಮಾಡಿದಳು, ಏನು ಕುಡಿಸಿದಳು, ಏನು ಅಂದಳು ಎಂಬುದನ್ನು ಒಬ್ಬೊಬ್ಬರೂ ನೆನೆದು ಹೇಳಿದರು. ಅವನು ಬರೆದು, ಓದಿ ತೋರಿಸಿ, ಅವರು ಹೌದೆಂದ ಮೇಲೆ ಮುಂದಿನದಕ್ಕೆ ಹೋದ. ನೀರಿಗೆ ಬರುವ ಹೆಂಗಸರು ಕೊಡ ಮುಳುಗಿಸುವಾಗ, ನಮ್ಮ ಹೊತ್ತಿಗೆ ಇದರೊಳಗಿದೆ ಎಂದು ಅವನಿಗೆ ಕೇಳುವಂತೆ ಹೇಳುತ್ತಿದ್ದರಂತೆ. ಸಿಹಿಹೊಂಡ ಎಂಬ ಹೆಸರು ಹೋಯಿತು, ಹೊತ್ತಿಗೆಹೊಂಡ ಎಂಬ ಹೆಸರು ನಿಂತಿತು. ಅದು ಪೂಜೆಯಿಂದ ಬಂದ ಹೆಸರಲ್ಲ. ನಾವು ಮರೆಯಬಾರದೆಂದು ಹೆಂಗಸರು ಇಟ್ಟ ಹೆಸರು.

ಇಂದು ಗ್ರಂಥಾಲಯದೊಳಗೆ ಹೋದವರಿಗೆ, ಗ್ರಂಥಪಾಲಕಿ ಕೊಟ್ರಮ್ಮನ ಮೇಜಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಆ ಹೊತ್ತಿಗೆ ಕಾಣಿಸುತ್ತದೆ. ನಲವತ್ತು ಗರಿಗಳಲ್ಲಿ ಬರಹವಿದೆ, ಒಂದು ಖಾಲಿ. ದಾರದ ತೂತುಗಳನ್ನು ಬಿಟ್ಟರೆ ಅದರಲ್ಲಿ ಗೀರೂ ಇಲ್ಲ. ಅಡ್ಡ ಮಲಗಿದ ಕೂಸಿನ ಗರಿ ಅದು. ದುರುಗವ್ವ ಹೇಳಿದ್ದ ಮಾತು ಯಾರಿಗೂ ನೆನಪಾಗಲಿಲ್ಲ. ಹುಲಿಗೆವ್ವನನ್ನು ಕೇಳಿದಾಗ, ತನ್ನ ಕೈಯಲ್ಲಿರುವುದು ಬಾಯಿಗೆ ಬರುವುದಿಲ್ಲ, ಬಂದರೂ ಅದು ಅವ್ವನ ಮಾತಾಗುವುದಿಲ್ಲ, ಇಲ್ಲದ್ದು ಇಲ್ಲವೆಂದೇ ಕಾಣಲಿ ಎಂದು ಖಾಲಿ ಗರಿಯನ್ನೇ ಪೋಣಿಸಲು ಹೇಳಿದಳಂತೆ. ಹೊರಗಿನಿಂದ ಬಂದವರು ಮಸಿ ಮಾಸಿರಬೇಕೆಂದು ಬಗ್ಗಿ ನೋಡುತ್ತಾರೆ. ಸಂಶೋಧನೆಗೆ ಬಂದವರೊಬ್ಬರು ಭೂತಗನ್ನಡಿ ಹಿಡಿದು ಅರ್ಧ ದಿನ ಕುಳಿತಿದ್ದರು. ಇಲ್ಲದ ಪುಸ್ತಕವನ್ನು ಕೇಳಿದರೆ ಕೊಟ್ರಮ್ಮ ನಾಳೆ ಬನ್ನಿ, ನೋಡೋಣ ಎನ್ನುವುದಿಲ್ಲ. ಮುಖ ನೋಡಿ ಇಲ್ಲ ಎನ್ನುತ್ತಾಳೆ. ಹೊಸಬರಿಗೆ ಇದು ಒರಟಾಗಿ ಕಾಣುತ್ತದೆ.

ವಿಜಯದಶಮಿಯಂದು ಕೆಳಗೇರಿಯ ಹೆಂಗಸರು ಮೇಲಿನ ಮೆಟ್ಟಿಲುಗಳ ಮೇಲೆ ಕೂರುತ್ತಾರೆ. ನಮ್ಮ ಮನೆತನದ ಒಬ್ಬ ಕೊನೆಯ ಮೆಟ್ಟಿಲ ಮೇಲೆ ಕುಳಿತು ಆ ಹೊತ್ತಿಗೆಯನ್ನು ಓದಬೇಕು. ಖಾಲಿ ಗರಿ ಬಂದಾಗ ಅದನ್ನು ಎತ್ತಿ ತೋರಿಸಿ ಏನಾಯಿತೆಂದು ಹೇಳಬೇಕು. ನನ್ನ ತಂದೆ ಆ ಜಾಗದಲ್ಲಿ, ಇದು ಮಾಸಿಹೋಗಿದೆ ಎನ್ನುತ್ತಿದ್ದರು. ಅವರ ನಂತರ ಹತ್ತೊಂಬತ್ತು ವರ್ಷ ನಾನೂ ಹಾಗೆಯೇ ಅಂದೆ. ಹೆಂಗಸರು ಒಮ್ಮೆಯೂ ತಿದ್ದಲಿಲ್ಲ, ನಾನು ಹೇಳುವವರೆಗೆ ಕಾಯುವವರಂತೆ ಸುಮ್ಮನೆ ಕೂತಿರುತ್ತಿದ್ದರು. ಹೋದ ವರ್ಷ ಆ ಗರಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ಇಲ್ಲಿ ಏನೂ ಇಲ್ಲ. ಇತ್ತು. ನಾವು ಕಳೆದ್ವಿ, ಕಳೆದಿಲ್ಲ ಅಂತ ಸುಳ್ಳು ಹೇಳಿದ್ವಿ," ಎಂದೆ. ಹುಲಿಗೆವ್ವನ ಮನೆತನದ ದೇವಕ್ಕ, ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿರುವವಳು, ಮೇಲಿನ ಮೆಟ್ಟಿಲಿನಿಂದ ಎದ್ದು ಬಂದು ನನ್ನ ಪಕ್ಕದಲ್ಲಿ, ಕೊನೆಯ ಮೆಟ್ಟಿಲ ಮೇಲೆ ಕುಳಿತಳು.

"ಮುಂದಿಂದು ಓದ್ರಿ ಮೇಷ್ಟ್ರ," ಎಂದಳು.