ಸರ್ವರಿಗೆ ಪನ್ನೀರು ಎರಚಿದ ತಿಪ್ಪೇಶ

ನಗೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಸರೀರಿ, ಹೇಳ್ತೀನಿ.

ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. ಸೇರಿದ ಕೆಲಸವೆಲ್ಲ ಕಳಕೊಂಡು ಕೊನೆಗೆ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಸೇರಿದ.

"ಇದೂ ಹೋದ್ರೆ ನಿಂಗೆ ಹೆಣ್ಣು ಕೊಡೋರಿಲ್ಲ ಕಣ್ಲಾ!" ಅವ್ವ ಹಣೆ ಚಚ್ಚಿಕೊಂಡಳು.

"ಬಿಡವ್ವ, ನಾನಿದ್ದೀನಲ್ಲ!" ಅಂದ ತಿಪ್ಪೇಶ.

ಆ ಕೋಣೆಯಲ್ಲೊಂದು ಲಿನಕ್ಸ್ ಸರ್ವರು. ಹುಡುಗರ ಅಂಕವೆಲ್ಲ ಅದರ ಹೊಟ್ಟೆಯಲ್ಲಿ. ಅದನ್ನ ನೋಡಿಕೊಳ್ಳೋ ನಾಗವೇಣಿ ಮೇಡಂ ಹೇಳಿದರು: "ತಿಪ್ಪೇಶ, ಲಾಗಿನ್ ಆಗೋರಿಗೆ ಸರ್ವರಲ್ಲಿ ಒಳ್ಳೇ ಸ್ವಾಗತ ಇರಲಿ."

ಮಾಡಿದ! ಸರ್ವರ್ ಪೆಟ್ಟಿಗೆಗೇ ಹೂವಿನ ಹಾರ ಹಾಕಿದ, ಮದುವೆಮನೆ ಬಾಗಿಲಲ್ಲಿ ಮಾಡೋ ಹಾಗೆ ಪನ್ನೀರು ಎರಚಿದ. ಸರ್ವರು ಚಟ್ ಅಂತು, ಕಾಲೇಜೆಲ್ಲ ಕತ್ತಲಾಯ್ತು.

"ಅಯ್ಯೋ ಪೆದ್ದೇ! ನೀರಲ್ಲ, ಮಾತು! ಲಾಗಿನ್ ಆಗೋರಿಗೆ ತೆರೆ ಮೇಲೆ ಕಾಣೋ ಹಾಗೆ ನಾಲ್ಕು ಮಾತು ಬರಿ!" ಅಂದರು ಮೇಡಂ.

ಮನೆಯಲ್ಲಿ ಅವ್ವನೂ ಬೈದಳು: "ಬಂದೋರಿಗೆ ತಮ್ಮದೇ ಮನೆ ಅನ್ನಿಸ್ಬೇಕು ಕಣ್ಲಾ. ಬಾಗಿಲಲ್ಲಿ ನಿಲ್ಲಿಸಬಾರದು!"

"ಅಷ್ಟೇ ತಾನೆ!" ಸರ್ವರು ರಿಪೇರಿಯಾದ ಮರುದಿನ ಬರೆದ: "ಬನ್ನಿ, ಬನ್ನಿ! ನಿಮ್ಮದೇ ಮನೆ. ಬಾಗಿಲಲ್ಲಿ ಯಾಕೆ ನಿಂತಿರಿ? ಪಾಸ್‌ವರ್ಡ್ ಕೆಳಗಿದೆ."

ಹುಡುಗರು ಬಂದರು. ಸಂಜೆಗೆ ಫೇಲಾದೋರೆಲ್ಲ ಫಸ್ಟ್ ಕ್ಲಾಸು!

"ಬಂದೋರಿಗೆಲ್ಲ ಬೀಗದ ಕೈ ಕೊಡ್ತಾರೇನಯ್ಯ?" ಮೇಡಂ ಕೆಂಡಾಮಂಡಲ. "ಹೆದರಿಸಿ ಬರಿ! ಅಪ್ಪಣೆ ಕೇಳದೆ ಒಳಗೆ ಬಂದರೆ ಪೊಲೀಸಿಗೆ ಹಿಡಿದುಕೊಡ್ತೀವಿ ಅಂತ ಬರಿ. ಸರಿಯಾಗಿ ಬರೆದರೆ ಕೆಲಸ ಕಾಯಂ, ಇಲ್ಲಾಂದರೆ ಮನೆಗೆ!"

ಮನೆಯಲ್ಲಿ ಅವ್ವ ಅಂದಳು: "ಬರೆದ್ರೆ ಸಾಲದು ಮಗನೇ, ಬರೆದ ಹಾಗೆ ನಡ್ಕೋ!"

ಈ ಸಲ ಬರೆದ ನೋಡಿ, ಒಂದಕ್ಷರ ತಪ್ಪಿಲ್ಲ. ಬೆಳಿಗ್ಗೆ ಮೇಡಂ ಬಂದರು, ಲಾಗಿನ್ ಆದರು, ಓದಿದರು. "ಶಭಾಷ್! ಕೆಲಸ ಕಾಯಂ!" ಅಂತ ತಿರುಗಿದರೆ ತಿಪ್ಪೇಶನೇ ಇಲ್ಲ!

ಬಂದ, ಪೊಲೀಸಪ್ಪನನ್ನ ಕರಕೊಂಡೇ ಬಂದ. ಮೇಡಂ ಕಡೆ ಬೆರಳು ಮಾಡಿದ: "ಇವರೇ ಸಾರ್! ಅಪ್ಪಣೆ ಕೇಳದೆ ಒಳಗೆ ಹೋದ್ರು, ಕಣ್ಣಾರೆ ಕಂಡೆ!"

"ಯಾರ ಅಪ್ಪಣೆ ಕೇಳಬೇಕಿತ್ತಯ್ಯ?"

"ನಾಗವೇಣಿ ಮೇಡಂದು!"

"ಅವರೆಲ್ಲಿ?"

"ಇವರೇ ಸಾರ್! ಒಂದು ಮಾತೂ ಕೇಳ್ಕೊಳ್ಳಲಿಲ್ಲ!"

ಪೊಲೀಸಪ್ಪ ಟೋಪಿ ತೆಗೆದು ತಲೆ ಕೆರಕೊಂಡ. ಅಷ್ಟರಲ್ಲಿ ಓಬಮ್ಮ, ಮಗನ ಕೆಲಸ ಕಾಯಂ ಆಗೇ ಆಗ್ತದೆ ಅಂತ ಹೋಳಿಗೆ ಡಬ್ಬಿ ಹಿಡಕೊಂಡು, ನಗುನಗುತ್ತಾ ಹೊಸಿಲು ದಾಟಿದಳು.

ತಿಪ್ಪೇಶ ಎಗರಿ ಅವಳ ಕೈ ಹಿಡಕೊಂಡ. "ಸಾರ್, ಓಡಿ ಬನ್ನಿ! ಇನ್ನೊಬ್ಬಳು ನುಗ್ಗಿದಳು!"

ಅವನ ಕೆಲಸ ಅಲ್ಲಿಗೆ, ನಮ್ಮ ಕತೆ ಇಲ್ಲಿಗೆ.