ಕಲಾಯಿ ಓಣಿಯ ಒಂದೆಲಗ

ಹೊಳೆದಂಡೆಯ ಆಶ್ರಮದಲ್ಲಿ ಸಿದ್ಧವೀರಯ್ಯ ಎಂಬ ಗುರುಗಳು ಜನರಿಗೆ ಗಿಡಮೂಲಿಕೆ ಮದ್ದು ಕೊಡುತ್ತಿದ್ದರು. ಅವರ ಶಿಷ್ಯ ಪಂಪಾಪತಿಗೆ ಪ್ರತಿ ಗಿಡದ ಗುಣವೂ ಬಾಯಿಪಾಠ. ಆ ಬಾಯಿಪಾಠವೇ ಅವನ ರೋಗ ಎಂದು ಗುರುಗಳು ಆಗಾಗ ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ಗುರುಗಳು ಪಕ್ಕದ ಹಳ್ಳಿಯಿಂದ ಮರಳುವಷ್ಟರಲ್ಲಿ ಶಿಷ್ಯ ಬೀಗುತ್ತ ನಿಂತಿದ್ದ. ಬೆಳಿಗ್ಗೆ ಆಚೆ ದಂಡೆಯ ತಿಪ್ಪವ್ವ ಬಂದಿದ್ದಳಂತೆ. ಮೂರು ವರ್ಷ ತುಂಬಿದರೂ ಅವಳ ಮಗಳಿಗೆ ಮಾತು ಬಂದಿಲ್ಲ. ಒಂದೆಲಗವನ್ನು ತುಪ್ಪದಲ್ಲಿ ಕಾಯಿಸಿ ದಿನಾ ಸಂಜೆ ನೆಕ್ಕಿಸು ಎಂದು ಹೇಳಿ, ಪಂಪಾಪತಿ ತಾನೇ ಕಿತ್ತು ತಂದಿದ್ದ ಸೊಪ್ಪನ್ನು ಸೆರಗಿನ ತುಂಬ ಕೊಟ್ಟು ಕಳಿಸಿದ್ದ.

ಮದ್ದೇನೋ ಸರಿಯಾಗಿಯೇ ಇತ್ತು. ಗುರುಗಳೂ ಅದನ್ನೇ ಕೊಡುತ್ತಿದ್ದರು.

“ಎಲ್ಲಿ ಕಿತ್ತಿ?”

ಸ್ನಾನ ಮಾಡಿ, ಪುಷ್ಯ ನಕ್ಷತ್ರದ ದಿನ ನೋಡಿ, ಪೂರ್ವಕ್ಕೆ ಮುಖ ಮಾಡಿ, ಗಿಡಕ್ಕೆ ಕೈಮುಗಿದು ಅಪ್ಪಣೆ ಕೇಳಿಯೇ ಕಿತ್ತೆ ಎಂದ ಪಂಪಾಪತಿ.

“ಹೆಂಗ ಕಿತ್ತಿ ಅಂತ ಯಾರು ಕೇಳಿದರು? ಎಲ್ಲಿ?”

ಶಿಷ್ಯ ಶ್ಲೋಕ ಶುರುಮಾಡಿದ. ಮೈಗೆ ತಂಪು, ಬುದ್ಧಿಗೆ ಹಿತ, ನಾಲಿಗೆಗೆ ಚುರುಕು. ಗುರುಗಳು ಹಣೆ ಹಣೆ ಬಡಿದುಕೊಂಡರು. ಹನ್ನೆರಡು ವರ್ಷ ಕಲಿಸಿದ್ದು ಇದಕ್ಕೇನಾ ಎಂದು ಅವರಿಗೆ ನಿಜಕ್ಕೂ ಅಳು ಬರುವಂತಾಯಿತು.

ಮೂರನೆಯ ಸಲ ಕೇಳಿದ ಮೇಲೆ ಉತ್ತರ ಬಂತು.

“ಕಲಾಯಿ ಓಣಿ ಹಿಂದ, ಕಾಲುವಿ ದಂಡಿಗೆ. ಅಲ್ಲಿ ಎಲಿ ಅಂಗೈ ಅಗಲ ಬೆಳದಾವ್ರಿ ಅಜ್ಜಾರ. ನಮ್ಮ ಹೊಳಿ ದಂಡಿದು ಬರೀ ಬಡಕಲು.”

ಆ ಓಣಿಯವರು ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಉಜ್ಜಿ ಕಲಾಯಿ ಹಾಕುತ್ತಿದ್ದರು. ತೊಳೆದ ನೀರೆಲ್ಲ ಆ ಕಾಲುವೆಗೇ. ಅದರಲ್ಲಿ ತಾಮ್ರದ ಕಿಲುಬಿತ್ತು, ಕಲಾಯಿಯ ತವರಕ್ಕೆ ಬೆರೆಸುವ ಸೀಸವಿತ್ತು. ಸೀಸ ಮಗುವಿನ ತಲೆಗೇರಿದರೆ ಬರಬೇಕಾದ ಮಾತೂ ಬಾರದೆ ಹೋಗಬಹುದು.

ಸೊಪ್ಪನ್ನು ಮೂರು ಸಲ ತೊಳೆದೇ ಕೊಟ್ಟಿದ್ದೇನೆ ಎಂದು ಪಂಪಾಪತಿ ಗುರುಗಳನ್ನೇ ಸಮಾಧಾನಪಡಿಸಿದ.

ಗುರುಗಳು ತಂಬಿಗೆಯನ್ನು ಅವನ ಕೈಗಿಟ್ಟರು. ಆ ಕಾಲುವೆಯ ನೀರು ತುಂಬಿಕೊಂಡು ಬಾ, ಊಟಕ್ಕೆ ಕೂತಾಗ ಕುಡಿಯುವೆಯಂತೆ ಎಂದರು.

ಶಿಷ್ಯ ಮುಖ ಕಿವುಚಿದ. “ಅದನ್ನ ಯಾರು ಕುಡೀತಾರ್ರಿ? ದನಾನೂ ಮೂಸೋದಿಲ್ಲ.”

“ಆ ಗಿಡ ಕುಡದೈತಿ. ಹುಟ್ಟಿದಾಗಿಂದ ಅದನ್ನೇ ಕುಡದೈತಿ. ಹೊರಗ ಮೂರು ಸಲ ತೊಳದಿ, ಒಳಗ ಹೆಂಗ ತೊಳೀತಿ?”

ಈಗ ಮಾತು ತಲೆಗೆ ಹೋಯಿತು. ಪಂಪಾಪತಿಯ ಮುಖ ಬಿಳಿಚಿಕೊಂಡಿತು. ಅಷ್ಟಕ್ಕೇ ತಿಪ್ಪವ್ವನ ಮನೆಗೆ ಓಡಿದ್ದರೆ ಅವನನ್ನು ಕ್ಷಮಿಸಿಬಿಡಬಹುದಿತ್ತು. ಆದರೆ ಅವನು ತಂಬಿಗೆ ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿದ.

“ಅಜ್ಜಾರ, ಒಂದು ಸಂದೇಹ ಐತ್ರಿ. ಹಂಗಾದರ ದೋಷ ಗಿಡದ್ದೋ, ನೀರಿಂದೋ, ಕಿತ್ತವಂದೋ?”

ಗುರುಗಳು ಹೊಳೆಯಾಚೆ ನೋಡಿದರು. ಬಿಸಿಲು ಇಳಿಯುತ್ತಿತ್ತು. ದೋಣಿ ಇನ್ನೂ ಈ ದಂಡೆಯಲ್ಲೇ ಇತ್ತು. ಅವರು ಶಿಷ್ಯನ ರಟ್ಟೆ ಹಿಡಿದು ಎಬ್ಬಿಸಿ ಅದರತ್ತ ನೂಕಿದರು.

“ಅದರ ಉತ್ತರ ನಾಳೆನೂ ಇರತೈತಿ. ತಿಪ್ಪವ್ವ ಸಂಜಿಗೆ ಒಲಿ ಹಚ್ಚತಾಳ.”