ಚಂಪಿ ಹೇಳಿದ ಸುಳ್ಳು

ಒಂದು ಕಾಡಿನ ಅಂಚಿನಲ್ಲಿ ಜನ ಬಿಟ್ಟುಹೋದ ಕಾವಲುಮನೆಯೊಂದಿತ್ತು. ಅದರ ಜಗಲಿಯ ಮೇಲೆ ಹಂಡ ಎಂಬ ನಾಯಿಯೂ ಚಂಪಿ ಎಂಬ ಬೆಕ್ಕೂ ವಾಸವಾಗಿದ್ದವು. ಮನೆಯವರು ಗಂಟುಮೂಟೆ ಕಟ್ಟಿ ಹೋಗುವಾಗ ಎರಡನ್ನೂ ಅಲ್ಲೇ ಬಿಟ್ಟಿದ್ದರು. ಅಂದಿನಿಂದ ಹಂಡನಿಗೆ ಚಂಪಿ, ಚಂಪಿಗೆ ಹಂಡ. ಚಳಿ ಬಿದ್ದರೆ ಚಂಪಿ ಅವನ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಚಿರತೆಯ ವಾಸನೆ ಬಂದರೆ ಹಂಡ ಕಾಡು ನಡುಗುವ ಹಾಗೆ ಬೊಗಳುತ್ತಿದ್ದ. ಆ ಸದ್ದಿಗೆ ಜಿಂಕೆಗಳು ಮರಿಗಳನ್ನು ಕರೆದುಕೊಂಡು ಓಡಿ ಪಾರಾಗುತ್ತಿದ್ದವು.

ಆ ಕಾಡಿನಲ್ಲಿ ಒಂದು ಮುದಿ ಹೆಣ್ಣು ಮುಸುವ, ಅಂದರೆ ಕಪ್ಪು ಮುಖದ ಉದ್ದ ಬಾಲದ ಕೋತಿ, ಇತ್ತು. ಎಲ್ಲರೂ ಅವಳನ್ನು ವೈದ್ಯಜ್ಜಿ ಎಂದು ಕರೆಯುತ್ತಿದ್ದರು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಹಂಡ, ಚಂಪಿ ಇಬ್ಬರೂ ಅತ್ತಿಮರದ ಕೆಳಗೆ ಹೋಗಿ ಅವಳಿಗೆ ಮೈ ತೋರಿಸಬೇಕು. ಅಜ್ಜಿ ಕಿವಿ ಮಡಿಚಿ ನೋಡುವಳು. ಬೆರಳ ಸಂದಿಯಿಂದ ರಕ್ತ ಹೀರುವ ಉಣ್ಣೆಹುಳುಗಳನ್ನು ಕೀಳುವಳು. ತುಟಿ ಎತ್ತಿ ಹಲ್ಲು, ವಸಡು ನೋಡುವಳು.

"ಮೈ ಚೆನ್ನಾಗಿರೋವಾಗ ಇದೆಲ್ಲ ಯಾಕಜ್ಜಿ?" ಎಂದು ಹಂಡ ಒಮ್ಮೆ ಕೇಳಿದ.

"ಚೆನ್ನಾಗಿದೆ ಅಂತ ನಿನಗೆ ಹೇಗೆ ಗೊತ್ತು ಮಗ? ನೋವಿದ್ದರೂ ನೀನು ಬಾಲ ಅಲ್ಲಾಡಿಸ್ತೀಯ. ಇವಳು ಸದ್ದಿಲ್ಲದೆ ಮೂಲೆ ಸೇರ್ತಾಳೆ. ನೀವು ಹೇಳೋದಿಲ್ಲ, ಅದಕ್ಕೇ ನಾನು ನೋಡಬೇಕು" ಎಂದಳು ಅಜ್ಜಿ.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಚಂಪಿಗೆ ದವಡೆಹಲ್ಲು ನೋಯತೊಡಗಿತು. ಅಜ್ಜಿ ಕಂಡರೆ ಕಿತ್ತೇ ಬಿಡುತ್ತಾಳೆ ಎಂದು ಅವಳಿಗೆ ಹೆದರಿಕೆ. ಹಂಡ ಒಬ್ಬನೇ ಹೋದರೆ ಅಜ್ಜಿ ತನ್ನನ್ನು ಹುಡುಕಿಕೊಂಡು ಬಾರದೆ ಇರುವಳೇ? ಅಮಾವಾಸ್ಯೆ ಬಂದಾಗ ಚಂಪಿ ಒಂದು ಉಪಾಯ ಹೂಡಿದಳು.

"ಅಣ್ಣ, ಅಜ್ಜಿ ಗುಡ್ಡದಾಚೆ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಬರೋದು ತಡ ಆಗುತ್ತಂತೆ" ಎಂದಳು.

"ಪಾಪ, ಹೋಗಿ ಬರಲಿ ಬಿಡು" ಎಂದ ಹಂಡ.

ಆಮೇಲೆ ಚಂಪಿ ಅತ್ತಿಮರದ ಕಡೆ ಓಡಿ, ದೂರದಲ್ಲೇ ನಿಂತು ಕೂಗಿದಳು. "ಅಜ್ಜೀ, ಹಂಡಣ್ಣ ಹಂದಿ ಹಿಂಡಿನ ಹಿಂದೆ ಹೊಳೆ ದಾಟಿ ಹೋಗಿದ್ದಾನೆ. ಕಲ್ಲುಗುಂಡಿನ ಹಾಗಿದ್ದಾನೆ. ನಾನೂ ಅಷ್ಟೇ, ನೋಡು!" ಎಂದು ನಾಲ್ಕು ಸಲ ಎಗರಿ ತೋರಿಸಿದಳು.

"ಬಂದಮೇಲೆ ತಪ್ಪದೆ ಕಳಿಸೇ. ಇದು ಉಣ್ಣೆ ಹತ್ತೋ ಕಾಲ" ಎಂದಳು ಅಜ್ಜಿ.

ಚಂಪಿ ಆ ಮಾತನ್ನು ಹಂಡನಿಗೆ ಮುಟ್ಟಿಸಲಿಲ್ಲ. ಮುಂದಿನ ಅಮಾವಾಸ್ಯೆಗೂ ಇಬ್ಬರಿಗೂ ಅದೇ ಸುಳ್ಳು ಹೇಳಿದಳು.

ಅಷ್ಟರಲ್ಲಿ ಹಂಡನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆಗಳು ಕಚ್ಚಿ ಕೂತಿದ್ದವು. ಅವನು ತಿನ್ನುವುದನ್ನು ಅರ್ಧಕ್ಕೇ ಬಿಡುತ್ತಿದ್ದ. ಹೊಳೆಗೆ ಹೋಗುವಾಗ ದಾರಿಯಲ್ಲೇ ಮಲಗಿಬಿಡುತ್ತಿದ್ದ.

"ಏನಾಯ್ತಣ್ಣ?" ಎಂದು ಚಂಪಿ ಕೇಳಿದರೆ, "ಬಿಸಿಲು ಜಾಸ್ತಿ ಕಣೇ" ಎಂದು ಬಾಲ ಅಲ್ಲಾಡಿಸುತ್ತಿದ್ದ. ಬಾಲ ಅಲ್ಲಾಡಿತಲ್ಲ ಎಂದು ಚಂಪಿ ಸುಮ್ಮನಾಗುತ್ತಿದ್ದಳು.

ಒಂದು ಸಂಜೆ ಚಿರತೆ ಬಂತು. ಹಂಡ ಎದ್ದು ಬಾಯಿ ತೆರೆದ. ದನಿ ಹೊರಡಲಿಲ್ಲ. ಹಿಂಗಾಲು ಕುಸಿದು ಅಲ್ಲೇ ಬಿದ್ದ. ಚಿರತೆ ಒಂದು ಜಿಂಕೆಮರಿಯನ್ನು ಕಚ್ಚಿಕೊಂಡು ಹೋಯಿತು. ತಾಯಿಜಿಂಕೆ ಅತ್ತಿಂದಿತ್ತ ಓಡುತ್ತಾ ಕೂಗಿತು. ಚಂಪಿ ಎದ್ದೆನೋ ಬಿದ್ದೆನೋ ಎಂದು ಅಜ್ಜಿಯ ಬಳಿ ಓಡಿದಳು.

ಅಜ್ಜಿ ಬಂದು ಹಂಡನ ತುಟಿ ಎತ್ತಿದಳು. ವಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮೈ ಕೆಂಡದಂತೆ ಸುಡುತ್ತಿತ್ತು.

"ಯಾಕೋ ಮಗ, ಇಷ್ಟು ದಿನ ನನ್ನ ಹತ್ತಿರ ಬರಲೇ ಇಲ್ಲ?"

"ನೀನು ಮಗಳ ಬಾಣಂತನಕ್ಕೆ ಹೋಗಿದ್ದೆಯಲ್ಲಜ್ಜಿ" ಎಂದ ಹಂಡ ಮೆಲ್ಲಗೆ. "ಮಗು ಚೆನ್ನಾಗಿದೆಯಾ?"

ಅಜ್ಜಿಯ ಕೈ ನಿಂತುಹೋಯಿತು. ಅವಳು ಚಂಪಿಯ ಕಡೆ ತಿರುಗಿದಳು. ಚಂಪಿ ತಲೆ ಎತ್ತಲಿಲ್ಲ.

"ಹೂಂ ಮಗ, ಚೆನ್ನಾಗಿದೆ" ಎಂದಳು ಅಜ್ಜಿ.

ಅವಳು ಉಣ್ಣೆಗಳನ್ನು ಒಂದೊಂದಾಗಿ ಕಿತ್ತಳು. ಕಹಿ ಸೊಪ್ಪಿನ ರಸ ಹಿಂಡಿ ಬಾಯಿಗೆ ಬಿಟ್ಟಳು. ರಸ ಕಟವಾಯಿಂದ ಹೊರಗೆ ಸುರಿಯಿತು. ಮರುದಿನ ಬಿಸಿಲೇರುವಾಗ ಹಂಡ ಚಂಪಿಯನ್ನು ನೋಡಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದ. ಆಮೇಲೆ ಉಸಿರಾಡಲಿಲ್ಲ.

ಚಂಪಿಯ ಹಲ್ಲು ಕೀವಾಗಿ ಕೆನ್ನೆ ಊದಿತು. ಅನ್ನ ನೀರು ಸೇರಲಿಲ್ಲ. ಅಮಾವಾಸ್ಯೆ ಬಂದಾಗ ಯಾರೂ ಕರೆಯದಿದ್ದರೂ ಅತ್ತಿಮರದ ಕೆಳಗೆ ಹೋಗಿ ಬಾಯಿ ತೆರೆದು ಕೂತಳು. ಅಜ್ಜಿ ಬೈಯಲಿಲ್ಲ. ಹಲ್ಲು ಕಿತ್ತು ಗಾಯಕ್ಕೆ ಸೊಪ್ಪು ಅರೆದಿಟ್ಟಳು. ಎಷ್ಟು ನೋವಾದರೂ ಚಂಪಿ ಮಿಯಾವ್ ಎನ್ನಲಿಲ್ಲ.

ಎದ್ದು ಹೊರಟವಳು ತಿರುಗಿ ನಿಂತಳು. "ಅಜ್ಜಿ, ಆವತ್ತೇ ಕರ್ಕೊಂಡು ಬಂದಿದ್ದರೆ ಹಂಡಣ್ಣ ಬದುಕ್ತಿದ್ದನಾ?"

ಅಜ್ಜಿ ಕೈಗೆ ಅಂಟಿದ ಸೊಪ್ಪನ್ನು ಒರೆಸಿಕೊಂಡಳು. ಚಂಪಿ ಹೋಗಲಿಲ್ಲ, ಕಾದೇ ನಿಂತಿದ್ದಳು.

"ಬದುಕ್ತಿದ್ದ" ಎಂದಳು ಅಜ್ಜಿ.

ನೀತಿ: ನಾಯಿ, ಬೆಕ್ಕುಗಳು ತಮ್ಮ ನೋವನ್ನು ಹೇಳಿಕೊಳ್ಳುವುದಿಲ್ಲ. ಅವು ಚೆನ್ನಾಗಿರುವಂತೆ ಕಂಡರೂ ಆಗಾಗ ತಪ್ಪದೆ ವೈದ್ಯರಿಗೆ ತೋರಿಸಬೇಕು. ಹೆದರಿಕೆಗೋ ಸೋಮಾರಿತನಕ್ಕೋ ತಪ್ಪಿಸಿದರೆ, ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.